ಪೆಂಗ್ವಿನ್ನನ್ನು ಅರಸಿ ಮಲ್ಪೆಗೆ

ಡಿಸೆಂಬರ್ ರಜೆಯಲ್ಲಿ ಒಂದು ದಿನದ ಪ್ರವಾಸಕ್ಕೆ ಎಲ್ಲಿಗೆ ಹೋಗುವುದೆಂಬ ಚರ್ಚೆ ನಮ್ಮ ತರಗತಿಯಲ್ಲಿ ನಡೆದಿತ್ತು. ಕೊಡಚಾದ್ರಿಯೆಂದರು ಕೆಲವರು, ಜೋಗವೆಂದರು ಕೆಲವರು. ಆಗ ಹಿಂದಿನ ಬೆಂಚಿನಿಂದ ಒಂದು ದನಿ ಕೇಳಿಬಂದಿತು: “ಸರ್, ಪೆಂಗ್ವಿನ್ ನೋಡಲು ಹೋಗುವ.” ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಸಂಜೆ ತೋಡಾರಿನ ಮನೆಗೆ ಮರಳಿ, ಗೋಡೆಯ ಮೇಲಿನ ಭೂಪಟದ ಮುಂದೆ ನಿಂತಾಗ ಆ ಮಾತು ಮತ್ತೆ ನೆನಪಾಯಿತು. ನಮಗೆ ಅತ್ಯಂತ ಹತ್ತಿರದಲ್ಲಿರುವ ಕಾಡು ಪೆಂಗ್ವಿನ್ ಎಲ್ಲಿದೆ? ಮುಂಬಯಿಯ ರಾಣಿಬಾಗಿನಲ್ಲಿ 2016ರಿಂದ ಹಂಬೋಲ್ಟ್ ಪೆಂಗ್ವಿನ್ನುಗಳಿವೆಯೆಂಬುದನ್ನು ವಾಚಕರು ಬಲ್ಲರು. ಅವು ತಂಪುಗೊಳಿಸಿದ ಕೋಣೆಯಲ್ಲಿ ಗಾಜಿನ ಹಿಂದೆ ಬಾಳುವ ಅತಿಥಿಗಳು. ಪೆರು, ಚಿಲಿಗಳ ಕರಾವಳಿ ಅವುಗಳ ತವರು. ಅವನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ.

ಮಲ್ಪೆಯಿಂದ ನೇರವಾಗಿ ದಕ್ಷಿಣಕ್ಕೆ ಬೆರಳನ್ನು ಜಾರಿಸುತ್ತ ಹೋದರೆ, ಮಧ್ಯೆ ಮಾಲ್ಡೀವ್ಸ್ ದ್ವೀಪಗಳ ಪಕ್ಕದಲ್ಲಿ ಹಾದು, ಭೂಮಧ್ಯರೇಖೆಯನ್ನು ದಾಟಿ, ಬರಿಯ ನೀರು, ಮತ್ತೆ ಬರಿಯ ನೀರು. ಕೊನೆಗೆ ಸುಮಾರು 38 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಸಾಸಿವೆಕಾಳಿನಂಥ ಒಂದು ಚುಕ್ಕೆ ಸಿಗುತ್ತದೆ. ಅದರ ಹೆಸರು ಆಮ್ಸ್ಟರ್‌ಡಾಮ್ ದ್ವೀಪ. ಫ್ರೆಂಚರ ಒಂದು ಸಂಶೋಧನಾ ಕೇಂದ್ರವನ್ನು ಬಿಟ್ಟರೆ ಅಲ್ಲಿ ಜನವಸತಿಯಿಲ್ಲ. ಆದರೆ ತಲೆಯ ಎರಡು ಬದಿಗೂ ಹಳದಿ ಕುಚ್ಚು ಧರಿಸಿದ ರಾಕ್‌ಹಾಪರ್ ಎಂಬ ಪೆಂಗ್ವಿನ್ನುಗಳು ಅದರ ಬಂಡೆಗಳ ಮೇಲೆ ಕುಪ್ಪಳಿಸುತ್ತ ಸಂಸಾರ ಹೂಡಿವೆ. ಮಲ್ಪೆ 13⅓ ಡಿಗ್ರಿ ಉತ್ತರದಲ್ಲಿದೆ, ಆ ದ್ವೀಪ 38 ಡಿಗ್ರಿ ದಕ್ಷಿಣದಲ್ಲಿದೆ. ನಡುವಣ ಅಂತರ 51 ಡಿಗ್ರಿ. ಡಿಗ್ರಿಯೊಂದಕ್ಕೆ 111 ಕಿಲೋಮೀಟರಿನಂತೆ ಲೆಕ್ಕ ಹಾಕಿದರೆ ಸುಮಾರು 5,700 ಕಿಲೋಮೀಟರು. ಅಲ್ಲಿಗೆ ವಿಮಾನವಿಲ್ಲ. ಹಡಗೂ ವರ್ಷಕ್ಕೆ ಕೆಲವೇ ಬಾರಿ. ಆದುದರಿಂದ ನಮ್ಮ ವಿದ್ಯಾರ್ಥಿಯ ಕೋರಿಕೆ ಒಂದು ದಿನದ ರಜೆಯಲ್ಲಿ ಈಡೇರುವಂಥದಲ್ಲ.

ಆದರೆ ಇಷ್ಟಕ್ಕೆ ಭೂಪಟವನ್ನು ಮಡಿಸಿಡಲು ಮನಸ್ಸಾಗಲಿಲ್ಲ. ಆ ದ್ವೀಪಕ್ಕೂ ಮಲ್ಪೆಗೂ ನಡುವೆ ತಡೆಯಾಗಿ ನಿಲ್ಲುವ ನೆಲವೇ ಇಲ್ಲವೆಂಬುದು ನಮ್ಮ ಕಣ್ಣಿಗೆ ಬಿದ್ದಿತ್ತು. ನೆಲವಿಲ್ಲದ ಮೇಲೆ ಆ ಕಡಲಿನಿಂದ ಈ ಕಡಲಿಗೆ ಬರುವಂಥದು ಏನಾದರೂ ಇರಲೇಬೇಕಲ್ಲವೆ? ಇದೆ. ಅದು ಬರುವುದನ್ನು ಗಡಿಯಾರ ಹಿಡಿದು ಅಳೆಯಲೂ ಬಹುದು. ಹೀಗಾಗಿ ಪ್ರವಾಸವು ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪಗಳಿಗೆಂದು ನಿಶ್ಚಯವಾಯಿತು. ಹಳಬರು ಇವನ್ನು ತೋನ್ಸೆಪಾರ್ ಎಂದೂ ಕರೆಯುವುದುಂಟು.

ಪ್ರವಾಸದ ಮೊದಲ ನಿಲುಗಡೆ ಕಡಲಿನಲ್ಲಲ್ಲ, ತೋಡಾರಿನಿಂದ ಕೂಗಳತೆಯಲ್ಲಿರುವ ಮೂಡುಬಿದಿರೆಯಲ್ಲಿ. 1430ರಲ್ಲಿ ಕಟ್ಟಲಾದ ಸಾವಿರ ಕಂಬದ ಬಸದಿಯನ್ನು ನಮ್ಮ ವಿದ್ಯಾರ್ಥಿಗಳೆಲ್ಲ ನೋಡಿದವರೇ. ಆದರೆ ಅಲ್ಲಿಯ ಭೈರಾದೇವಿ ಮಂಟಪದ ಕೆಳಭಾಗದ ಉಬ್ಬುಶಿಲ್ಪಗಳನ್ನು ಬಗ್ಗಿ ನೋಡಿದವರು ಕಡಿಮೆ. ಅಲ್ಲಿ ಒಂದು ಜಿರಾಫೆ ಇದೆ, ಚೀನದ ಡ್ರ್ಯಾಗನ್ನೂ ಇದೆ. ಆಫ್ರಿಕದ ಹುಲ್ಲುಗಾವಲಿನ ಪ್ರಾಣಿಯ ರೂಪ ಹದಿನೈದನೆಯ ಶತಮಾನದ ತುಳುನಾಡಿನ ಶಿಲ್ಪಿಗೆ ತಿಳಿದುದು ಹೇಗೆ? ಕಡಲದಾರಿಯಿಂದಲೇ. ಮಳೆಗಾಲದ ಗಾಳಿ ನೈಋತ್ಯದಿಂದ ಬೀಸುವುದು, ಚಳಿಗಾಲದ ಗಾಳಿ ಈಶಾನ್ಯದಿಂದ ಬೀಸುವುದು. ಈ ಎರಡನ್ನೂ ಬಲ್ಲವನಿಗೆ ಆಫ್ರಿಕವು ಹೋಗಿ ಬರಬಹುದಾದ ನೆರೆಯೂರು. ಬಸದಿಯ ಜಿರಾಫೆಯನ್ನು ನೋಡಿಕೊಂಡು ಹೊರಟವರಿಗೆ ಮುಂದಿನ ಕಥೆ ಸುಲಭವಾಗಿ ಅರ್ಥವಾದೀತೆಂದು ನಮ್ಮ ಎಣಿಕೆ.

ಆ ಕಥೆಯಲ್ಲಿ ಪೆಂಗ್ವಿನ್ನೂ ಬರುತ್ತದೆ. 1497ರ ನವೆಂಬರ್ ತಿಂಗಳ ಕೊನೆಯಲ್ಲಿ ವಾಸ್ಕೊ ಡ ಗಾಮನ ಹಡಗುಗಳು ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿ, ಇಂದು ಮೊಸೆಲ್ ಬೇ ಎನಿಸಿರುವ ಕೊಲ್ಲಿಯಲ್ಲಿ ಲಂಗರು ಹಾಕಿದವು. ಜೊತೆಯಲ್ಲಿದ್ದ ಒಬ್ಬಾತನು ಬರೆದಿಟ್ಟ ದಿನಚರಿ ಉಳಿದು ಬಂದಿದೆ. ಕೊಲ್ಲಿಯ ನಡುಗಡ್ಡೆಯೊಂದರಲ್ಲಿ ಸಾವಿರಗಟ್ಟಲೆ ಕಡಲನಾಯಿಗಳನ್ನೂ, ಬಾತುಕೋಳಿಯಷ್ಟು ದೊಡ್ಡದಾದ, ಆದರೆ ಹಾರಲಾರದ, ಕತ್ತೆಯಂತೆ ಅರಚುವ ಹಕ್ಕಿಗಳನ್ನೂ ಕಂಡುದಾಗಿ ಅದರಲ್ಲಿದೆ. ಇವು ಆಫ್ರಿಕದ ಪೆಂಗ್ವಿನ್ನುಗಳೇ ಎಂಬುದರಲ್ಲಿ ಸಂದೇಹವಿಲ್ಲ. ಅವು ಇಂದಿಗೂ ಕತ್ತೆಯಂತೆಯೇ ಕೂಗುತ್ತವೆ. ಅದೇ ಹಡಗುಗಳು 1498ರ ಮೇ 20ರಂದು ಕಲ್ಲಿಕೋಟೆಯನ್ನು ಮುಟ್ಟಿದವು. ಆಗಸ್ಟ್ ಕೊನೆಯಲ್ಲಿ ಅಲ್ಲಿಂದ ಹೊರಟು ಉತ್ತರಾಭಿಮುಖವಾಗಿ ಬರುತ್ತಿರುವಾಗ, ಸೆಪ್ಟೆಂಬರ್ 15ರಂದು, ತೀರದಿಂದ ತುಸು ದೂರದ ನಡುಗಡ್ಡೆಯೊಂದರಲ್ಲಿ ಕಲ್ಲಿನ ಕಂಬವೊಂದನ್ನು ನೆಟ್ಟು ಅದಕ್ಕೆ ಸಾಂತಾ ಮರಿಯಾ ಎಂದು ಹೆಸರಿಟ್ಟರು. ಆ ನಡುಗಡ್ಡೆ ಮಲ್ಪೆಯೆದುರಿನದೆಂದು ಹೇಳುತ್ತ ಬಂದಿದ್ದಾರೆ. ದ್ವೀಪಗಳ ಇಂದಿನ ಹೆಸರು ಹೀಗೆ ಬಂದುದು. ಗಾಮನು ಕಲ್ಲಿಕೋಟೆಗೆ ಹೋಗುವಾಗ ಇಲ್ಲಿ ಇಳಿದನೆಂದು ಅನೇಕರು ಬರೆಯುವುದುಂಟು. ದಿನಚರಿಯ ಪ್ರಕಾರ ಅದು ಹೋಗುವಾಗಲಲ್ಲ, ಮರಳುವಾಗ. ಹೀಗೆ ಪೆಂಗ್ವಿನ್ನನ್ನು ಕಂಡ ಕಣ್ಣುಗಳೇ ಹತ್ತು ತಿಂಗಳೊಳಗೆ ನಮ್ಮ ಕಡಲ ತೀರವನ್ನೂ ಕಂಡವು.

ಗಾಳಿಯ ವಿಷಯವನ್ನು ಇಲ್ಲಿ ಒಂದಿಷ್ಟು ಹೇಳಲೇಬೇಕು. ಆಫ್ರಿಕದ ಮಲಿಂದಿಯಿಂದ ಕಲ್ಲಿಕೋಟೆಗೆ ಗಾಮನಿಗೆ ಹಿಡಿದ ಕಾಲ 26 ದಿನಗಳು. ಏಕೆಂದರೆ ದಾರಿ ಬಲ್ಲ ನಾವಿಕನೊಬ್ಬನು ಜೊತೆಗಿದ್ದನು, ಗಾಳಿಯೂ ಬೆನ್ನ ಹಿಂದಿತ್ತು. ಮರಳುವಾಗ ಆತನು ಈಶಾನ್ಯದ ಗಾಳಿಗಾಗಿ ಕಾಯಲಿಲ್ಲ. ಕಾರವಾರದ ಬಳಿಯ ಅಂಜದೀವದಿಂದ ಅಕ್ಟೋಬರ್ 5ರಂದು ಹೊರಟವರಿಗೆ ಆಫ್ರಿಕದ ತೀರ ಕಂಡದ್ದು 1499ರ ಜನವರಿ 2ರಂದು. ಅದೇ ಸಮುದ್ರ, ದೂರವೂ ಹೆಚ್ಚುಕಡಮೆ ಅಷ್ಟೇ. ಆದರೆ ಕಾಲ ಮೂರು ತಿಂಗಳು. ಮೂವತ್ತರಷ್ಟು ಮಂದಿ ಒಸಡು ಬಾತು ಸತ್ತರು. ಕಡಲನ್ನು ಕೇಳದೆ ಹೊರಟರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ದ್ವೀಪಗಳಲ್ಲಿ ಮುಖ್ಯವಾದವು ನಾಲ್ಕು. ಅವುಗಳಲ್ಲೊಂದಾದ ದರಿಯಾ ಬಹಾದುರಗಡದಲ್ಲಿ ಬಿದನೂರಿನ ಬಸವಪ್ಪ ನಾಯಕನು ಕಟ್ಟಿಸಿದ ಕೋಟೆಯ ಅವಶೇಷಗಳಿವೆ. ಪ್ರವಾಸಿಗಳು ಇಳಿಯುವುದು ತೆಂಗಿನ ದ್ವೀಪದಲ್ಲಿ. ಗಾಮನ ಕಂಬದ ಗುರುತು ಇಂದು ಎಲ್ಲಿಯೂ ಇಲ್ಲ. ಆದರೆ ಆತನು ಬರುವುದಕ್ಕೆ ಎಷ್ಟೋ ಮೊದಲೇ ನಿಸರ್ಗವು ಇಲ್ಲಿ ಕಂಬಗಳ ಸಾಲನ್ನೇ ನಿಲ್ಲಿಸಿತ್ತು. ಐದು, ಆರು, ಏಳು ಮುಖಗಳ, ಬಡಗಿಯು ಉಳಿ ಹಿಡಿದು ಕೆತ್ತಿದಂತೆ ತೋರುವ ಕಲ್ಲುಕಂಬಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಕೆಲವು ಆರು ಮೀಟರಿನಷ್ಟು ಎತ್ತರ. ಇವನ್ನು ಯಾರೂ ಕೆತ್ತಿಲ್ಲ. ಸುಗ್ಗಿಯ ಕೊಯ್ಲಾದ ಮೇಲೆ ನೀರು ಬತ್ತಿದ ಗದ್ದೆಯ ಕೆಸರು ಬಿರಿಯುವುದನ್ನು ನಮ್ಮ ಮಕ್ಕಳು ನೋಡಿಯೇ ಇರುತ್ತಾರೆ. ಕೆಸರು ಒಣಗಿ ಕುಗ್ಗುತ್ತದೆ. ಕುಗ್ಗುವಾಗ ಎಲ್ಲ ಕಡೆಗೂ ಎಳೆತ ಸಮನಾಗಿರುವುದರಿಂದ ಬಿರುಕುಗಳು ಮೂರು ಮೂರಾಗಿ ಕೂಡಿ ಬಹುಭುಜಗಳಾಗುತ್ತವೆ. ಇಲ್ಲಿ ಕೆಸರಿನ ಬದಲು ಶಿಲಾರಸ, ಒಣಗುವಿಕೆಯ ಬದಲು ಆರುವಿಕೆ. ರಸವು ಮೇಲಿನಿಂದಲೂ ಕೆಳಗಿನಿಂದಲೂ ತಣಿಯುತ್ತ ಹೋದಂತೆ ಬಿರುಕುಗಳೂ ಒಳಕ್ಕೆ ಇಳಿಯುತ್ತ ಹೋದವು. ಬಿರುಕುಗಳ ನಡುವೆ ಉಳಿದುದೇ ಕಂಬ.

ಈ ಶಿಲೆ ರಯೊಲೈಟ್ ಜಾತಿಯದು. ವಯಸ್ಸು ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ. ಇದೇ ವಯಸ್ಸಿನ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರಿನಲ್ಲಿಯೂ ಇವೆ. ಒಂದೇ ನೆಲವಾಗಿದ್ದ ಭಾರತವೂ ಮಡಗಾಸ್ಕರವೂ ಬಿರಿದು ಅಗಲಿದಾಗ ಉಕ್ಕಿದ ರಸವಿದೆಂದು ಭೂವಿಜ್ಞಾನಿಗಳ ಮತ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಇಂದು ಮಲ್ಪೆಗೂ ಮಡಗಾಸ್ಕರಿನ ಉತ್ತರ ತುದಿಗೂ ಸುಮಾರು 4,000 ಕಿಲೋಮೀಟರು. 8.8 ಕೋಟಿ ವರ್ಷಗಳಿಂದ ಭಾಗಿಸಿದರೆ ವರ್ಷಕ್ಕೆ ಸರಾಸರಿ ನಾಲ್ಕೂವರೆ ಸೆಂಟಿಮೀಟರು. ನಮ್ಮ ಬೆರಳಿನ ಉಗುರು ಬೆಳೆಯುವ ವೇಗವೂ ಹೆಚ್ಚುಕಡಮೆ ಇದೇ. ಆ ಕಾಲದಲ್ಲಿ ನಮ್ಮ ನೆಲವು ದಕ್ಷಿಣ ಗೋಳಾರ್ಧದಲ್ಲಿ ತೇಲುತ್ತಿತ್ತು. ಪೆಂಗ್ವಿನ್ನುಗಳ ಅತಿ ಹಳೆಯ ಪಳೆಯುಳಿಕೆಗಳು ನ್ಯೂಜಿಲೆಂಡಿನವು. ಅವುಗಳ ವಯಸ್ಸು ಆರು ಕೋಟಿ ವರ್ಷಕ್ಕೆ ತುಸು ಹೆಚ್ಚು. ಎಂದರೆ, ಅವು ಕಾಣಿಸಿಕೊಳ್ಳುವ ಮೊದಲೇ ನಾವು ಆ ಕಡೆಯಿಂದ ಗಂಟುಮೂಟೆ ಕಟ್ಟಿ ಹೊರಟುಬಿಟ್ಟಿದ್ದೆವು!

ಆಮೇಲಾದರೂ ಅವು ಈಜಿ ಬರಬಹುದಾಗಿತ್ತಲ್ಲ, ಎಂದು ಅದೇ ವಿದ್ಯಾರ್ಥಿ ಕೇಳಿದನು. ನಮ್ಮಲ್ಲಿ ಸೆಕೆಯೆಂದು ಬರಲಿಲ್ಲವೆಂಬುದು ಪೂರ್ಣ ಉತ್ತರವಲ್ಲ. ಭೂಮಧ್ಯರೇಖೆಯ ಮೇಲಿರುವ ಗಲಪಗೋಸ್ ದ್ವೀಪಗಳಲ್ಲಿಯೂ ಪೆಂಗ್ವಿನ್ನುಗಳಿವೆ. ಬೇಕಾದುದು ಆಹಾರ. ಹಕ್ಕಿಯ ಹಗುರ ಮೈ ನೀರಿನಲ್ಲಿ ಬೆಂಡಿನಂತೆ ತೇಲುತ್ತದೆ. ಪೆಂಗ್ವಿನ್ ಗಟ್ಟಿ ಎಲುಬನ್ನು ಬೆಳೆಸಿಕೊಂಡು, ರೆಕ್ಕೆಯನ್ನು ಹುಟ್ಟಿನಂತೆ ಮಾಡಿಕೊಂಡು, ಗಾಳಿಗಿಂತ 800 ಪಟ್ಟು ಸಾಂದ್ರವಾದ ನೀರನ್ನು ಹಿಂದಕ್ಕೆ ತಳ್ಳಿ ಆಳಕ್ಕಿಳಿದು ಮೀನು ಹಿಡಿಯುತ್ತದೆ. ಹಾರಾಟವೆಂಬುದು ಅದು ತೆತ್ತ ಬೆಲೆ. ಹಾರಲಾರದ ಹಕ್ಕಿಗೆ ಗೂಡಿನ ಹತ್ತಿರದಲ್ಲೇ ಮೀನು ಯಥೇಚ್ಛವಾಗಿರಬೇಕು. ಆಳದ ತಣ್ಣೀರು ಗೊಬ್ಬರದಂಥ ಲವಣಗಳನ್ನು ಹೊತ್ತು ಮೇಲಕ್ಕೇರುವ ಕಡೆಗಳಲ್ಲಿ ಮಾತ್ರ ಅಂಥ ಸಮೃದ್ಧಿ ಸಾಧ್ಯ. ನಮ್ಮ ಕರಾವಳಿಯಲ್ಲೂ ಮಳೆಗಾಲದಲ್ಲಿ ಹೀಗೆ ತಣ್ಣೀರು ಮೇಲೇರುತ್ತದೆ. ಬೂತಾಯಿ, ಬಂಗುಡೆಗಳ ಸುಗ್ಗಿಗೆ ಅದೇ ಮೂಲ. ಆದರೆ ಅದು ಕೆಲವೇ ತಿಂಗಳ ಮಾತು. ನಡುವೆ ಸಾವಿರಾರು ಕಿಲೋಮೀಟರಿನ ಬೆಚ್ಚನೆಯ, ಬಡವಾದ ನೀರನ್ನು ದಾಟಿ ಬರುವ ಪೆಂಗ್ವಿನ್ನಿಗೆ ದಾರಿಯ ಬುತ್ತಿಯೆಲ್ಲಿ? ಗಾಮನ ನಾವಿಕರು ಕಂಡ ಆಫ್ರಿಕದ ಪೆಂಗ್ವಿನ್ನುಗಳಿಗಂತೂ ತವರಿನಲ್ಲೇ ಬುತ್ತಿ ಸಾಲದಾಗಿದೆ. ಮೀನು ಕಡಿಮೆಯಾಗಿ, ಮರಿಮಾಡುವ ಜೋಡಿಗಳು ಹತ್ತು ಸಾವಿರಕ್ಕಿಂತ ಕಡಿಮೆಗಿಳಿದು, 2024ರಲ್ಲಿ ಅವು ಅತಿ ಗಂಡಾಂತರದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದವು.

ಮಲ್ಪೆಯಲ್ಲಿ ನಮ್ಮ ಪಾಲಿಗಿರುವುದು ಹಾರುವ ಹಕ್ಕಿಗಳು. ಮೀನುಗಾರರ ದೋಣಿಗಳ ಮೇಲೆ ಸುತ್ತುವ ಕೆಂಗಂದು ಮೈಯ ಗರುಡ, ತೀರದ ಎತ್ತರದ ಮರಗಳಲ್ಲಿ ವರ್ಷ ವರ್ಷವೂ ಅದೇ ಗೂಡಿಗೆ ಕಡ್ಡಿ ಸೇರಿಸುತ್ತ ಬರುವ, ಕಡಲಹಾವನ್ನೂ ಬಿಡದೆ ಹಿಡಿಯುವ ಬಿಳಿ ಹೊಟ್ಟೆಯ ಕಡಲ ಹದ್ದು, ಚಳಿಗಾಲಕ್ಕೆಂದು ಬಂದಿಳಿಯುವ ಕಡಲಕ್ಕಿಗಳು ಮತ್ತು ರೀವಗಳು. ಕಡಲಕ್ಕಿಗಳಲ್ಲಿ ಕಂದು ತಲೆಯ ಜಾತಿಯೊಂದು ಮರಿಮಾಡುವುದು ಲಡಾಖ್, ಟಿಬೆಟ್ಟುಗಳ ಎತ್ತರದ ಸರೋವರಗಳ ಬಳಿ. ಹಿಮಾಲಯವನ್ನು ದಾಟಿ ಬಂದು ಮರಳ ಮೇಲೆ ವಿರಮಿಸುವ ಈ ಅತಿಥಿಗಳ ಹಿಂಡಿನೊಳಕ್ಕೆ ಓಡಿ, ಅವನ್ನು ಎಬ್ಬಿಸಿ, ಛಾಯಾಚಿತ್ರ ತೆಗೆಯುವ ಚಟ ಕೆಲವರಿಗಿದೆ. ನಮ್ಮ ಪ್ರವಾಸದಲ್ಲಿ ಅದಕ್ಕೆ ಅವಕಾಶವಿಲ್ಲವೆಂದು ಮೊದಲೇ ಹೇಳಿದ್ದೇವೆ.

ಇನ್ನು ಸಮಯದ ಲೆಕ್ಕ. ಹಲವು ವರ್ಷಗಳ ಹಿಂದೆ ನಾವೊಮ್ಮೆ ಯಾವ ಪಟ್ಟಿಯನ್ನೂ ನೋಡದೆ ಹೋಗಿ, ಭರತದ ನೀರಿನಲ್ಲಿ ಕಂಬಗಳ ಬುಡವೆಲ್ಲ ಮುಳುಗಿದುದನ್ನು ಕಂಡು, ಪಾದರಕ್ಷೆಗಳನ್ನು ಕಡಲಿಗೆ ಅರ್ಪಿಸಿ ಮರಳಿದ್ದೆವು. ಭೌತಶಾಸ್ತ್ರದ ಅಧ್ಯಾಪಕನಿಗೆ ಇದು ಶೋಭೆಯಲ್ಲ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಚಂದ್ರನು ಭೂಮಿಯನ್ನು ಸುತ್ತುತ್ತಿರುವುದರಿಂದ ಅವು ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತವೆ. ಶನಿವಾರ ಎಂಟು ಗಂಟೆಗೆ ಇಳಿತವಾದರೆ ಭಾನುವಾರ ಎಂಟು ಐವತ್ತರ ಸುಮಾರಿಗೆ. ಅಮಾವಾಸ್ಯೆ, ಹುಣ್ಣಿಮೆಗಳ ಹಿಂದುಮುಂದಿನಲ್ಲಿ ಸೂರ್ಯಚಂದ್ರರ ಸೆಳೆತಗಳು ಒಂದುಗೂಡಿ ಏರಿಳಿತ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಬೆಳಗಿನ ಹೊತ್ತು ಇಳಿತವಿರುವ ದಿನವನ್ನು ಆರಿಸಿದರೆ ಕಂಬಗಳ ಪಾದ ಕಾಣುವುದು. ಬೆಳಗನ್ನೇ ಆರಿಸಲು ಇನ್ನೊಂದು ಕಾರಣವಿದೆ. ಹೊತ್ತೇರಿದಂತೆ ನೆಲವು ಕಡಲಿಗಿಂತ ಬೇಗ ಕಾಯುತ್ತದೆ, ಕಡಲಿನಿಂದ ಗಾಳಿ ಏಳುತ್ತದೆ, ಮಧ್ಯಾಹ್ನದ ಹೊತ್ತಿಗೆ ನೀರು ಕಲಕಾಗುತ್ತದೆ. ಹಾಯಿದೋಣಿಗಳ ಕಾಲದಲ್ಲಿ ಮೊಗವೀರರು ನಸುಕಿನ ನೆಲಗಾಳಿಯಲ್ಲಿ ಹೊರಟು ಮಧ್ಯಾಹ್ನದ ಕಡಲಗಾಳಿಯಲ್ಲಿ ಮರಳುತ್ತಿದ್ದುದು ಇದೇ ಲೆಕ್ಕದಿಂದ.

ಪೆಂಗ್ವಿನ್ನುಗಳ ಕಡಲಿನಿಂದ ಬರುವಂಥದು ಒಂದಿದೆಯೆಂದೆವಷ್ಟೆ. ಅದು ತೆರೆ. ಆಮ್ಸ್ಟರ್‌ಡಾಮ್ ದ್ವೀಪದ ಆಚೆಗೆ, ನಾಲ್ವತ್ತು, ಐವತ್ತು ಡಿಗ್ರಿ ದಕ್ಷಿಣದಲ್ಲಿ, ನೆಲದ ಅಡ್ಡಿಯಿಲ್ಲದೆ ಗಾಳಿಯು ಭೂಮಂಡಲವನ್ನು ಸುತ್ತುತ್ತಿರುತ್ತದೆ. ಅಲ್ಲಿ ಬಿರುಗಾಳಿಯೆದ್ದಾಗ ಹುಟ್ಟುವ ತೆರೆಗಳಲ್ಲಿ ಸಣ್ಣವು ದಾರಿಯಲ್ಲೇ ಅಳಿಯುತ್ತವೆ, ಉದ್ದನೆಯವು ಉತ್ತರಕ್ಕೆ ಸಾಗಿ ಬರುತ್ತವೆ. ಆಳವಾದ ನೀರಿನಲ್ಲಿ ತೆರೆಯ ವೇಗವು ಅದರ ಆವರ್ತಕಾಲಕ್ಕೆ, ಎಂದರೆ ಒಂದು ತೆರೆಯು ಬಂದು ಮತ್ತೊಂದು ಬರುವವರೆಗಿನ ಕಾಲಕ್ಕೆ, ಅನುಗುಣವಾಗಿರುತ್ತದೆ. ಸೆಕೆಂಡುಗಳ ಸಂಖ್ಯೆಯನ್ನು 1.56ರಿಂದ ಗುಣಿಸಿದರೆ ವೇಗವು ಸೆಕೆಂಡಿಗೆ ಇಷ್ಟು ಮೀಟರೆಂದು ದೊರೆಯುತ್ತದೆ. 16 ಸೆಕೆಂಡಿನ ತೆರೆಗೆ 25 ಮೀಟರು. ಆದರೆ ತೆರೆಗಳ ಗುಂಪು, ಅದರೊಡನೆ ಶಕ್ತಿಯು, ಸಾಗುವುದು ಇದರ ಅರ್ಧ ವೇಗದಲ್ಲಿ: ಗಂಟೆಗೆ 45 ಕಿಲೋಮೀಟರು, ದಿನಕ್ಕೆ 1,080. ಹಾಗಾದರೆ 5,700 ಕಿಲೋಮೀಟರಿಗೆ ಐದು ದಿನ ಚಿಲ್ಲರೆ. ರಾಕ್‌ಹಾಪರ್ ಪೆಂಗ್ವಿನ್ನುಗಳನ್ನು ಸೋಮವಾರ ತೊಯಿಸಿದ ಬಿರುಗಾಳಿಯ ತೆರೆ ಶನಿವಾರ ಮಲ್ಪೆಯನ್ನು ಮುಟ್ಟಬಹುದು!

ಇದು ಕೇವಲ ಕೌತುಕದ ಸಂಗತಿಯಲ್ಲ. 16 ಸೆಕೆಂಡಿನ ತೆರೆಯ ಉದ್ದ 400 ಮೀಟರು. ಅಷ್ಟು ಉದ್ದಕ್ಕೆ ಒಂದು ಮೀಟರಿನ ಎತ್ತರ ಹಂಚಿಹೋಗಿದ್ದರೆ ದೋಣಿಯಲ್ಲಿದ್ದವನಿಗೆ ಅದರ ಅರಿವೇ ಆಗದು. ಕಡಲು ನಯವಾಗಿ, ಆಕಾಶ ಶುಭ್ರವಾಗಿ ತೋರುವುದು. ನೀರು ಆಳ ಕಡಿಮೆಯಾದೆಡೆ ಬಂದೊಡನೆ ತೆರೆಗೆ ತಳ ತಗಲುತ್ತದೆ. ಹತ್ತು ಮೀಟರ್ ಆಳದಲ್ಲಿ ಅದರ ವೇಗವು ಸೆಕೆಂಡಿಗೆ ಹತ್ತು ಮೀಟರಿಗೆ ಇಳಿಯುತ್ತದೆ. ಹಿಂದಿನಿಂದ ಬರುವ ಶಕ್ತಿಯು ಕಿರಿದಾದ ಜಾಗದಲ್ಲಿ ಒತ್ತೊತ್ತಾಗಿ ನೆರೆದು, ತೆರೆಯು ಎತ್ತರಕ್ಕೇಳುತ್ತದೆ. ಕೇರಳದವರು ಇದನ್ನು ‘ಕಳ್ಳಕಡಲು’ ಎನ್ನುತ್ತಾರೆ. ಗಾಳಿಮಳೆಯ ಸೂಚನೆಯಿಲ್ಲದೆ ಕಳ್ಳನಂತೆ ಬರುವುದರಿಂದ ಈ ಹೆಸರು. 2024ರ ಮಾರ್ಚ್ 31ರಂದು ಕೇರಳದ ತಿರುವನಂತಪುರ, ಕೊಲ್ಲಂ, ಆಲಪ್ಪುಳ ಜಿಲ್ಲೆಗಳ ತೀರದ ಮನೆಗಳಿಗೆ ನೀರು ನುಗ್ಗಿದುದು ಹೀಗೆಯೇ. ಇಂಥ ತೆರೆಗಳು ಏಳು ಸಣ್ಣವು, ಮೂರು ದೊಡ್ಡವು ಎಂಬಂತೆ ಗುಂಪುಗುಂಪಾಗಿ ಬರುವುದರಿಂದ, ಐದು ನಿಮಿಷ ಒಣಗಿದ್ದ ಬಂಡೆ ಆರನೆಯ ನಿಮಿಷ ನೀರಿನೊಳಗಿರಬಹುದು. ಪಾಚಿ ಹಿಡಿದ ಕಂಬದ ತಲೆಯ ಮೇಲೆ, ಕಡಲಿಗೆ ಬೆನ್ನು ಹಾಕಿ, ನಗುತ್ತ ನಿಂತವನಿಗೆ ಅದು ತಿಳಿಯುವುದು ತಡವಾಗಿ. 2022ರ ಏಪ್ರಿಲ್ ತಿಂಗಳಲ್ಲಿ ಕೇರಳದಿಂದ ಪ್ರವಾಸಕ್ಕೆ ಬಂದ ಮೂವರು ಕಾಲೇಜು ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ಸಮುದ್ರಪಾಲಾದರು. ಅವರೂ ನಮ್ಮ ತರಗತಿಯ ಮಕ್ಕಳ ವಯಸ್ಸಿನವರೇ. ವಿದ್ಯಾರ್ಥಿಗಳನ್ನು ಕರೆದೊಯ್ಯುವ ಮೊದಲು ನಾವು ಇಷ್ಟೆಲ್ಲ ಲೆಕ್ಕ ಹಾಕುತ್ತಿರುವುದಕ್ಕೆ ಕಾರಣ ಅದು.

ಕಳೆದ ಭಾನುವಾರ ನಾವೊಬ್ಬರೇ ಹೋಗಿ ಮಲ್ಪೆಯ ಮರಳಿನ ಮೇಲೆ ಗಡಿಯಾರ ಹಿಡಿದು ಕುಳಿತೆವು. ಹತ್ತು ತೆರೆಗಳು ಒಡೆಯಲು ಹಿಡಿದ ಕಾಲವನ್ನು ಹತ್ತರಿಂದ ಭಾಗಿಸಿದರೆ ಆವರ್ತಕಾಲ ಸಿಗುವುದು. ಐದಾರು ಸೆಕೆಂಡಾದರೆ ಹತ್ತಿರದ ಗಾಳಿಯ ಕೆಲಸ. ಹದಿನಾಲ್ಕು, ಹದಿನಾರಾದರೆ ದೂರದ ದಕ್ಷಿಣದ ಸಂದೇಶ. ಮೊದಲೆಣಿಕೆಯಲ್ಲಿ ನಮಗೆ ದೊರೆತುದು ಆರು. ಗಾಳಿ ಇಳಿದ ಮೇಲೆ, ಸಣ್ಣ ತೆರೆಗಳ ಅಡಿಯಲ್ಲಿ, ನಿಧಾನವಾದ ಒಂದು ಉಸಿರಾಟ ಕಂಡಿತು: ಹದಿನೈದು. ಎತ್ತರ ಮೊಣಕಾಲಿಗೂ ಬಾರದು, ಆದರೂ ಅದು ಆ ಕಡಲಿನದೇ. ಬಲೆ ಸರಿಪಡಿಸುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದರು. “ಏನು ಮಾಷ್ಟ್ರೇ, ತೆರೆ ಎಣಿಸುವುದಾ?” ಎಂದರು. ವಿಷಯ ತಿಳಿಸಿದೆವು. “ತೆಂಕಣ ತೆರೆಯಾ? ಅದು ಗಾಳಿಯಿಲ್ಲದೆಯೂ ಬರುತ್ತದೆ. ಅದು ಬಂದ ದಿನ ಬಂಡೆಗೆ ಹೋಗಬಾರದು” ಎಂದು ಬಲೆಯಿಂದ ಕಣ್ಣೆತ್ತದೆಯೇ ಹೇಳಿದರು. ನಮ್ಮ ಅರ್ಧ ಪುಟದ ಗಣಿತವು ಅವರ ಒಂದು ವಾಕ್ಯದಲ್ಲಿತ್ತು.

ನಿಶ್ಚಯಿಸಿದ ಕ್ರಮವಿದು. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿಗಳಿಲ್ಲ, ಬೇಸಗೆಯ ಕೊನೆಯಲ್ಲಿ ದಕ್ಷಿಣದ ತೆರೆಗಳ ಕಾಟ ಹೆಚ್ಚು. ಆದುದರಿಂದ ಡಿಸೆಂಬರ್. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಭರತ-ಇಳಿತಗಳ ಕಾಲವನ್ನೂ, ಬರಲಿರುವ ತೆರೆಗಳ ಎತ್ತರ ಮತ್ತು ಆವರ್ತಕಾಲಗಳ ಮುನ್ಸೂಚನೆಯನ್ನೂ ಪ್ರಕಟಿಸುತ್ತದೆ. ಅದನ್ನು ಹಿಂದಿನ ರಾತ್ರಿ ನೋಡುವುದು. ಆವರ್ತಕಾಲ ಉದ್ದವಾಗಿದ್ದು ಎತ್ತರವೂ ಹೆಚ್ಚಿದ್ದರೆ ಕಾರ್ಕಳದ ಗೊಮ್ಮಟನನ್ನು ನೋಡಿ ಮರಳುವುದು. ಅವನಿಗೆ ಭರತ-ಇಳಿತಗಳಿಲ್ಲ. ಸಮುದ್ರ ಒಪ್ಪಿದರೆ, ಬಸದಿಯ ಜಿರಾಫೆಯನ್ನು ಮುಂಚಿನ ಸಂಜೆಯೇ ನೋಡಿ ಮುಗಿಸಿ, ಬೆಳಗಿನ ಐದೂವರೆಗೆ ತೋಡಾರಿನಿಂದ ವಾಹನ ಹೊರಡುವುದು. ಮೂಡುಬಿದಿರೆ, ಕಾರ್ಕಳ, ಉಡುಪಿಗಳ ಮೇಲಾಗಿ ಮಲ್ಪೆಗೆ ಎಪ್ಪತ್ತು ಕಿಲೋಮೀಟರಿಗೆ ತುಸು ಕಡಿಮೆ. ದೋಣಿ ಹತ್ತುವ ಮೊದಲು ತೀರದಲ್ಲಿ ಕಾಲು ಗಂಟೆ ತೆರೆಗಳನ್ನು ಎಣಿಸುವುದು. ದೋಣಿಯವರು ಬೇಡವೆಂದರೆ ಮರುಮಾತಿಲ್ಲ. ದ್ವೀಪದಲ್ಲಿ ಒದ್ದೆಯಾಗಿರುವ ಯಾವ ಬಂಡೆಯನ್ನೂ ಯಾರೂ ಏರತಕ್ಕದ್ದಲ್ಲ. ಅದು ಒದ್ದೆಯಾಗಿದೆಯೆಂದರೆ ನೀರು ಅಲ್ಲಿಯವರೆಗೆ ಬಂದಿತ್ತೆಂದೇ ಅರ್ಥ.

ಗಡಿಯಾರ ಹಿಡಿದು ಎಣಿಸುವ ಕೆಲಸವನ್ನು ಹಿಂದಿನ ಬೆಂಚಿನ ಆ ಹುಡುಗನಿಗೇ ವಹಿಸಿದ್ದೇವೆ. ಹದಿನಾಲ್ಕು ಸೆಕೆಂಡಿಗೆ ಮೇಲ್ಪಟ್ಟ ತೆರೆಯೊಂದು ಬಂದರೆ ಅದು ಪೆಂಗ್ವಿನ್ನುಗಳ ಕಡೆಯಿಂದ ಬಂದುದೆಂದು ತನ್ನ ಟಿಪ್ಪಣಿಯಲ್ಲಿ ಬರೆದುಕೊಳ್ಳಬಹುದೇ ಎಂದು ಅವನು ಕೇಳಿದ್ದಾನೆ. ಬರೆದುಕೊಳ್ಳಬಹುದು, ಆದರೆ ಕಾಲವನ್ನೂ ಎತ್ತರವನ್ನೂ ಪಕ್ಕದಲ್ಲಿ ಗುರುತಿಸಬೇಕೆಂದು ಹೇಳಿದ್ದೇವೆ.